ಎರಡನೇ ಕ್ಲಾಸಿಗೆ ಕಾಗದ ನೇಯ್ಗೆ: ಕಲಿಸಿದವರು ಅನುಭವ ಹೇಳಿ

ಜಗಳೂರು ಟೀಚರ್: ಎಲ್ಲರಿಗೂ ನಮಸ್ಕಾರ. ಸರ್ಕಾರಿ ಶಾಲೆ, ಎರಡನೇ ಕ್ಲಾಸು, 26 ಮಕ್ಕಳು. ಕಾಗದದ ಚಾಪೆ ನೇಯುವುದನ್ನು ಕಲಿಸಬೇಕು ಅಂತಿದ್ದೇನೆ. ಮಕ್ಕಳ ಕೈಗೆ ಕತ್ತರಿ ಕೊಡಬಹುದಾ? ಯಾವ ಕಾಗದ ಒಳ್ಳೆಯದು? ಒಂದು ಪಿರಿಯಡ್ ಸಾಕಾ?

ದುರ್ಗದ ಮೇಡಂ: ಒಂದು ಪಿರಿಯಡ್ಡಾ! ನನಗೆ ನಾಲ್ಕು ದಿನ ಹಿಡಿಯಿತು. ನನ್ನ ಕ್ಲಾಸಲ್ಲಿ 38 ಮಕ್ಕಳು. ಬಣ್ಣದ ಎ4 ಹಾಳೆ, 100ರ ಪ್ಯಾಕಿಗೆ 210 ರೂಪಾಯಿ ಕೊಟ್ಟೆ. ಮಗುವಿಗೆ ಎರಡರಂತೆ 76 ಹಾಳೆ, 24 ಉಳಿಯಬೇಕಿತ್ತು. ಒಂದನ್ನು ಮಡಚಿ, 21 ಸೆಂಟಿಮೀಟರ್ ಅಗಲದಲ್ಲಿ 3 ಸೆಂಟಿಮೀಟರಿಗೊಂದರಂತೆ, ಮಡಿಕೆ ಕಡೆಯಿಂದ ಅಂಚಿನ ತನಕ, ಆರು ಸೀಳು. ಇನ್ನೊಂದರಿಂದ ಅದೇ ಅಗಲದ ಒಂಬತ್ತು ಪಟ್ಟಿ. ಎಂಟು ಸಾಕು, ಒಂದು ಹರಿದರೆ ಇರಲಿ ಅಂತ. ಆಗಿದ್ದೇನು? 11 ಮಕ್ಕಳು ಮಡಿಕೆ ಬಿಟ್ಟು ತೆರೆದ ಕಡೆಯಿಂದ ಕತ್ತರಿಸಿದರು. ಬಿಡಿಸಿದರೆ ಎರಡೂ ಕಡೆ ಜೂಲು! 8 ಮಕ್ಕಳು ಅಂಚು ಬಿಡದೆ ಪೂರ್ತಿ ಕತ್ತರಿಸಿದರು, ಹಾಳೆ ತುಂಡು ತುಂಡು. ಎರಡನೇ ಸಲ ಮತ್ತೆ 9 ಹೋದವು. ಇನ್ನೊಂದು ಪ್ಯಾಕು 210, ಅಂಟು 80. ಒಟ್ಟು 500 ರೂಪಾಯಿ, ನನ್ನ ಕೈಯಿಂದಲೇ. ಕೊನೆಗೆ ರಾತ್ರಿ ಕೂತು ನಾನೇ ಸೀಳಿದೆ. ಕತ್ತರಿ ಕೊಡಲೇಬೇಡಿ.

ಹರಿಹರದ ಸರ್: ಮೇಡಂ, ಸೀಳುವುದೂ ನೀವೇ ಆದರೆ ಮಕ್ಕಳು ಕಲಿಯುವುದೇನು? ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್ 1840ರಲ್ಲಿ ತಮ್ಮ ಪುಟ್ಟ ಮಕ್ಕಳ ಶಾಲೆಗೆ ಕಿಂಡರ್‌ಗಾರ್ಟನ್ ಅಂತ ಹೆಸರಿಟ್ಟರಲ್ಲ, ಅವರ ಪದ್ಧತಿಯಲ್ಲೇ ಕಾಗದ ನೇಯ್ಗೆ ಇತ್ತು. ಚಿಕ್ಕ ಕೈ ಪಳಗಲಿ ಅಂತಲೇ ಇಟ್ಟಿದ್ದು. ನಾನು ಒಂದು ರೂಪಾಯಿ ಖರ್ಚು ಮಾಡಲಿಲ್ಲ. ಹಳೇ ಪೇಪರ್ ತಂದು ಉದ್ದಕ್ಕೆ ಮೂರು ಮಡಿಕೆ ಹಾಕಿಸಿದೆ. ಪಟ್ಟಿ ಗಟ್ಟಿ, ಕತ್ತರಿಯೇ ಬೇಡ. ಇಡೀ ಕ್ಲಾಸು ಸೇರಿ ಕೂರುವ ಚಾಪೆ ನೇಯ್ದರು! ಆದರೆ ಇಂಕು ಕೈಗೆ ಹತ್ತಿ, ಕೈಯಿಂದ ಬಿಳಿ ಶರ್ಟಿಗೆ. ಮಾರನೆ ದಿನ ಮೂವರು ತಾಯಂದಿರು ಗೇಟಿನ ಹತ್ತಿರ ನಿಂತಿದ್ದರು. ಅವರಾಡಿದ ಮಾತು ಇನ್ನೂ ನೋಯುತ್ತದೆ.

ದುರ್ಗದ ಮೇಡಂ: ನಿಮ್ಮ ಕ್ಲಾಸಲ್ಲಿ ಎಷ್ಟು ಮಕ್ಕಳು ಸರ್? ಅದನ್ನು ಹೇಳಲೇ ಇಲ್ಲ.

ಹರಿಹರದ ಸರ್: 14. ಅದಕ್ಕೇನೀಗ?

ದುರ್ಗದ ಮೇಡಂ: 38 ಮಕ್ಕಳನ್ನು ಒಬ್ಬರೇ ನೋಡಿಕೊಂಡು ಆಮೇಲೆ ಫ್ರೋಬೆಲ್ ಮಾತಾಡಿ.

ಮೊಳಕಾಲ್ಮೂರು ಮೇಷ್ಟ್ರು: ಉದ್ದ ಪಟ್ಟಿ, ಅಡ್ಡ ಪಟ್ಟಿ ಅಂತ ಯಾಕೆ ಕಲಿಸುತ್ತೀರಿ? ಹಾಸು, ಹೊಕ್ಕು ಅಂತ ನಮ್ಮ ಮಾತೇ ಇದೆಯಲ್ಲ. ನಾನು ನೇಕಾರರ ಮನೆಯವನು. ಅಪ್ಪ ಗುಂಡಿ ಮಗ್ಗದಲ್ಲಿ, ಅಂದರೆ ನೆಲದ ಗುಂಡಿಯಲ್ಲಿ ಕಾಲಿಟ್ಟು ನೇಯುವ ಮಗ್ಗದಲ್ಲಿ, ರೇಷ್ಮೆ ಸೀರೆ ನೇಯ್ದು ನಮ್ಮನ್ನು ಓದಿಸಿದರು. ಮಕ್ಕಳು ತಪ್ಪುವುದು ಎರಡನೇ ಸಾಲಿನಲ್ಲಿ. ಮೊದಲನೆಯದರ ಹಾಗೇ ಮತ್ತೆ ಮೇಲಿಂದ ಶುರು ಮಾಡುತ್ತಾರೆ. ಆಗ ಎರಡೂ ಪಟ್ಟಿ ಒಂದೇ ಸಂದಿಯಲ್ಲಿ ಸೇರಿ, ನೇಯ್ಗೆಯೇ ಕೂರಲ್ಲ. ಅದಕ್ಕೆ ನಾನು ಹೊಕ್ಕಿಗೆ ಎರಡು ಬಣ್ಣ ಕೊಟ್ಟೆ. ಕೆಂಪು ಮೇಲಿಂದ, ಹಳದಿ ಕೆಳಗಿಂದ. ಪ್ರತಿ ಸಾಲನ್ನೂ ಬೆರಳಿಂದ ಒತ್ತಿ ಹಿಂದಿನದಕ್ಕೆ ತಾಗಿಸಬೇಕು. ಮಗ್ಗದಲ್ಲಿ ಬಾಚಣಿಗೆಯಂಥ ಹಣಿಗೆ ಇರುತ್ತಲ್ಲ, ಅದು ಮಾಡುವ ಕೆಲಸ ಇದು. ಮನೆಯಲ್ಲಿ ಮಗ್ಗ ಇರುವ ಒಬ್ಬ ಹುಡುಗಿ ಎರಡರ ಮೇಲೆ, ಎರಡರ ಕೆಳಗೆ ತೂರಿಸಿ, ಸಾಲಿಗೊಂದು ಜರುಗಿಸಿ, ಓರೆ ಗೆರೆ ಎಬ್ಬಿಸಿದಳು. ಹೇಳಿಕೊಟ್ಟವರು ಯಾರೂ ಇಲ್ಲ! ಅವತ್ತು ನನ್ನ ಕಣ್ಣು ತುಂಬಿತು.

ದಾವಣಗೆರೆ ಅಮ್ಮ: ಟೀಚರುಗಳೆಲ್ಲ ನಿಮ್ಮ ಖರ್ಚೇ ಹೇಳುತ್ತೀರಿ. ನನ್ನ ಮಗಳ ಶಾಲೆಯವರು ಇದನ್ನು ಮನೆಗೆ ಕಳಿಸಿದರು. ರಾತ್ರಿ ಒಂಬತ್ತಕ್ಕೆ ಗ್ಲೇಸ್ ಪೇಪರ್ ಹುಡುಕಿಕೊಂಡು ಸ್ಕೂಟಿಯಲ್ಲಿ ನಾಲ್ಕು ಅಂಗಡಿ ಸುತ್ತಿದೆ, ಎಲ್ಲೂ ಸಿಗಲಿಲ್ಲ. ಮದುವೆ ಕಾರ್ಡು ಕತ್ತರಿಸಿ ಕೊಟ್ಟೆ. ಬಣ್ಣ ಸರಿಯಿಲ್ಲ ಅಂತ ವಾಪಸ್ ಬಂತು. ಮಗಳದು ಎಡಗೈ. ಕ್ಲಾಸಲ್ಲಿ ಕತ್ತರಿಯನ್ನು ಬಲಗೈಗೆ ಹಾಕಿಸಿದರಂತೆ. ಅಳುತ್ತಾ ಬಂದಳು. ಎಡಗೈಯವರ ಕತ್ತರಿ 340 ರೂಪಾಯಿ ಕೊಟ್ಟು ತರಿಸಿದೆ. ಇಷ್ಟೆಲ್ಲ ಯಾಕೆ? ನಮ್ಮ ದಾವಣಗೆರೆ ಹತ್ತಿ ಗಿರಣಿಗಳ ಊರಾಗಿತ್ತು, ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ನಮ್ಮ ತಾತ ಗಿರಣಿ ಕೆಲಸದವರು. ಗಿರಣಿ ಮುಚ್ಚಿದ ಮೇಲೆ ಮನೆ ಹೇಗೆ ನಡೆಯಿತು ಅಂತ ನಮಗೆ ಗೊತ್ತು. ನೇಯ್ಗೆ ಅಂದರೆ ನನಗೆ ಖುಷಿ ಬರಲ್ಲ.

ಮೊಳಕಾಲ್ಮೂರು ಮೇಷ್ಟ್ರು: ಅಮ್ಮಾ, ನಿಮ್ಮ ಮಗಳ ಕಷ್ಟಕ್ಕೆ ನೇಯ್ಗೆ ಕಾರಣ ಅಲ್ಲ. ನಮ್ಮ ಮೊಳಕಾಲ್ಮೂರು ಸೀರೆಗೆ ಜಿಐ ಗುರುತು, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ಆದರೂ ಅಂಗಡಿಯಲ್ಲಿ ಕೂತು ಸುಮ್ನೆ ಚೌಕಾಸಿ ಮಾಡುತ್ತಾರೆ. ಒಂದು ಸಾಲು ನೇಯ್ದು ನೋಡಿದ ಮಗು ದೊಡ್ಡದಾದ ಮೇಲೆ ಹಾಗೆ ಮಾಡಲ್ಲ.

ದಾವಣಗೆರೆ ಅಮ್ಮ: ಚೌಕಾಸಿ ಮಾಡುವವಳು ಅಂತ ನನಗೆ ಹೇಳಿದ್ರಾ? ನನ್ನ ಮದುವೆ ಸೀರೆ ಮೊಳಕಾಲ್ಮೂರಿನದೇ. ಪೂರ್ತಿ ದುಡ್ಡು ಕೊಟ್ಟು ತಂದಿದ್ದು.

ಚಳ್ಳಕೆರೆಯವ: ನೇಯ್ಗೆ ಅಂದರೆ ರೇಷ್ಮೆ ಒಂದೇನಾ ಮೇಷ್ಟ್ರೇ? ಕಂಬಳಿ ನೇಯುವ ನಮ್ಮವರ ಹೆಸರು ಯಾಕೆ ಬರಲ್ಲ? ಕುರಿ ಉಣ್ಣೆಯ ಹಾಸು ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸುತ್ತೇವೆ, ನೂಲು ಗಟ್ಟಿಯಾಗಲಿ ಅಂತ. ಅದೇ ಗಂಜಿಯನ್ನು ತೆಳ್ಳಗೆ ಮಾಡಿ ಪೇಪರ್ ಪಟ್ಟಿಗೆ ಹಚ್ಚಿದೆ. ಬಿಸಿಲಲ್ಲಿ ಒಣಗಿದ ಮೇಲೆ ಬಿದಿರಿನ ಸಿಬಿರಿನ ಹಾಗೆ ಸಲೀಸಾಗಿ ತೂರಿತು.

ಹರಿಹರದ ಸರ್: ಇಂಕು ಕೈಗೆ ಹತ್ತಲಿಲ್ವಾ?

ಚಳ್ಳಕೆರೆಯವ: ಇಂಕು ಆಮೇಲೆ ಹೇಳುತ್ತೇನೆ ಸರ್. ಮೊದಲು ಮೇಷ್ಟ್ರು ಕಂಬಳಿ ವಿಷಯಕ್ಕೆ ಉತ್ತರ ಕೊಡಲಿ.