ಎಡಕ್ಕೆ ಪಂಪ್ ಹಾಕಿದ ಮೇಲೆ ಬಲಗಡೆ ಹೃದಯ ತಡೆಯುತ್ತದಾ? ಮೊದಲೇ ತಿಳಿಯಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮಪ್ಪನಿಗೆ 58 ವರ್ಷ. ಹೃದಯದ ಎಡಭಾಗ ತುಂಬ ಸೋತಿದೆ, ಎಲ್‌ವ್ಯಾಡ್ (ಎಡಭಾಗದ ಬದಲು ರಕ್ತ ತಳ್ಳುವ ಯಂತ್ರ) ಪಂಪ್ ಹಾಕಬೇಕು ಎಂದಿದ್ದಾರೆ. ಆದರೆ ಬಲಗಡೆ ತಡೆಯುತ್ತದೋ ಇಲ್ಲವೋ ಅನ್ನೋ ಅನುಮಾನವಂತೆ. ಕತ್ತಿನ ನರದಿಂದ ಟ್ಯೂಬ್ ಹಾಕಿ ಒತ್ತಡ ಅಳೆದರು. ಬಲ ಹೃತ್ಕರ್ಣ 16, ಶ್ವಾಸಕೋಶದ ರಕ್ತನಾಳ 48/24, ವೆಡ್ಜ್ (ಎಡಗಡೆಯ ಒತ್ತಡ ತೋರಿಸುವ ಅಳತೆ) 26. ಪಿಎಪಿಐ 1.5 ಅಂತ ಬರೆದಿದ್ದಾರೆ. ಎಡಗಡೆ ಸರಿಹೋದರೆ ಬಲಗಡೆಗೆ ಹೊರೆ ಕಮ್ಮಿಯಾಗಬೇಕಲ್ವಾ? ಮತ್ತೇಕೆ ಭಯ?

ಉತ್ತರ: ನಮಸ್ಕಾರ. ನೀವು ಅಂದುಕೊಂಡಿದ್ದು ಅರ್ಧ ಸರಿ. ಪಂಪ್ ಎಡಗಡೆಯನ್ನು ಖಾಲಿ ಮಾಡಿದಾಗ ಶ್ವಾಸಕೋಶದಲ್ಲಿ ಒತ್ತಡ ಇಳಿಯುತ್ತದೆ. ಅದು ಬಲಗಡೆಗೆ ಒಳ್ಳೆಯದೇ. ಆದರೆ ಪಂಪ್ ನಿಮಿಷಕ್ಕೆ ನಾಲ್ಕೈದು ಲೀಟರ್ ರಕ್ತ ತಳ್ಳುತ್ತದೆ. ಅಷ್ಟೂ ರಕ್ತ ಮೈಯೆಲ್ಲ ಸುತ್ತಿ ಬಲಗಡೆಗೇ ವಾಪಸ್ ಬರಬೇಕು. ವರ್ಷಗಟ್ಟಲೆ ಕಡಿಮೆ ರಕ್ತ ನೋಡಿದ ಬಲಭಾಗಕ್ಕೆ ಒಮ್ಮೆಲೇ ಇಷ್ಟು ಕೆಲಸ. ಇನ್ನೊಂದು ವಿಷಯ ಇದೆ. ಎರಡೂ ಭಾಗಗಳ ನಡುವಿನ ಗೋಡೆ ಬಲಗಡೆಯ ಬಡಿತಕ್ಕೂ ಬಲ ಕೊಡುತ್ತದೆ. ಪಂಪ್ ಜೋರಾಗಿ ಎಳೆದರೆ ಆ ಗೋಡೆ ಎಡಕ್ಕೆ ವಾಲುತ್ತದೆ, ಆ ಬಲ ತಪ್ಪಿಹೋಗುತ್ತದೆ. ಬಲಗಡೆಯಿಂದ ರಕ್ತ ಬರದಿದ್ದರೆ ಎಷ್ಟು ಒಳ್ಳೆಯ ಪಂಪ್ ಆದರೂ ತಳ್ಳುವುದೇನನ್ನು?

ಈಗ ಅಪ್ಪನ ಅಂಕಿಗಳು. 48ರಲ್ಲಿ 24 ಕಳೆದು 16ರಿಂದ ಭಾಗಿಸಿದರೆ 1.5. ಅದೇ ಪಿಎಪಿಐ, ಬಲಗಡೆಯ ತಾಕತ್ತು ಅಂದಾಜು ಮಾಡುವ ಅಂಕಿ. 1.85ಕ್ಕಿಂತ ಕಡಿಮೆ ಇದ್ದರೆ ಎಚ್ಚರ ಅನ್ನುವುದು ಸಾಮಾನ್ಯವಾಗಿ ಬಳಸುವ ಗಡಿ. ಹಾಗೇ 16ನ್ನು 26ರಿಂದ ಭಾಗಿಸಿದರೆ ಸುಮಾರು 0.62. ಇದು ಗಡಿ ದಾಟಿ ಮೇಲೆ ಹೋದರೆ ಅಪಾಯ. 0.63 ಗಡಿ ಅನ್ನುವವರಿದ್ದಾರೆ, 0.54 ಅನ್ನುವವರೂ ಇದ್ದಾರೆ. ಒಂದು ಲೆಕ್ಕದಲ್ಲಿ ಅಪಾಯ, ಇನ್ನೊಂದರಲ್ಲಿ ಅಂಚಿನಲ್ಲಿ ಪಾಸ್. ಅದಕ್ಕೇ ಒಂದೇ ಅಂಕಿ ಹಿಡಿದು ಯಾರೂ ತೀರ್ಮಾನ ಮಾಡುವುದಿಲ್ಲ. ಎಕೋದಲ್ಲಿ ಬಲಭಾಗ ಎಷ್ಟು ಹಿಗ್ಗಿದೆ, ಹೇಗೆ ಕುಗ್ಗುತ್ತಿದೆ ಅನ್ನುವುದನ್ನೂ ಸೇರಿಸಿ ನೋಡುತ್ತಾರೆ.

ಇನ್ನೊಬ್ಬರ ಪ್ರಶ್ನೆ: ಸರ್, ನಾನು ಐಸಿಯು ನರ್ಸ್. ಪಂಪ್ ಹಾಕಿದ ಮೇಲೆ ಬಲಗಡೆ ಸೋಲುವ ಅಪಾಯ ಹೇಳುವ ಮಿಶಿಗನ್ ಸ್ಕೋರ್ ಹಾಕಿದರೆ ಸಾಕಾಗಲ್ವಾ?

ಉತ್ತರ: 2008ರ ಆ ಸ್ಕೋರ್‌ನಲ್ಲಿ ನಾಲ್ಕೇ ವಿಷಯ: ಬಿಪಿ ಏರಿಸುವ ಔಷಧಿ ಬೇಕಾಗಿದೆಯೇ, ಬಿಲಿರುಬಿನ್ 2 ಮುಟ್ಟಿದೆಯೇ, ಎಎಸ್‌ಟಿ 80 ಮುಟ್ಟಿದೆಯೇ, ಕ್ರಿಯಾಟಿನಿನ್ 2.3 ಮುಟ್ಟಿದೆಯೇ. ಬಿಲಿರುಬಿನ್, ಎಎಸ್‌ಟಿ ಲಿವರ್‌ನ ರಕ್ತಪರೀಕ್ಷೆಗಳು, ಕ್ರಿಯಾಟಿನಿನ್ ಕಿಡ್ನಿಯದು. ಗಮನಿಸಿ, ಹೃದಯವನ್ನು ನೇರವಾಗಿ ಅಳೆಯುವುದು ಒಂದೂ ಇಲ್ಲ! ಬಲಗಡೆ ಸೋತರೆ ರಕ್ತ ಹಿಂದೆ ನಿಂತು ಲಿವರ್, ಕಿಡ್ನಿ ಎರಡೂ ಊದಿಕೊಳ್ಳುತ್ತವೆ. ಸ್ಕೋರ್ ಹಿಡಿಯುವುದು ಆ ನೆರಳನ್ನು. ನನಗೆ ಅದು ಇಷ್ಟ, ಹಾಸಿಗೆ ಪಕ್ಕದಲ್ಲೇ ಲೆಕ್ಕ ಹಾಕಬಹುದು. ಆದರೆ ಅದು ಹಳೆಯ ಪಂಪ್‌ಗಳ ಕಾಲದ್ದು. ಬೇರೆ ಕಡೆಯ ರೋಗಿಗಳ ಮೇಲೆ ಹಾಕಿ ನೋಡಿದಾಗ ಅಷ್ಟು ಚೆನ್ನಾಗಿ ಹೊಂದಲಿಲ್ಲ. ನಂತರ ಬಂದ ಸ್ಕೋರ್‌ಗಳದ್ದೂ ಹೆಚ್ಚುಕಡಿಮೆ ಇದೇ ಕಥೆ.

ಮೊದಲನೆಯವರು: ಹಾಗಾದರೆ ಸುಮ್ನೆ ಯಾಕೆ ಅಳೆಯೋದು ಡಾಕ್ಟ್ರೇ?

ಉತ್ತರ: ತಯಾರಿಗೆ. ಮೈಯಲ್ಲಿ ನೀರು ಜಾಸ್ತಿ ಇದ್ದಾಗ ಅಳೆದ ಅಂಕಿ ಅಪ್ಪನ ಹೃದಯದ ಕೊನೆಯ ಮಾತಲ್ಲ. ಮೂತ್ರದ ಔಷಧಿ ಕೊಟ್ಟು ನೀರು ಇಳಿಸಿ, ಬೇಕಿದ್ದರೆ ಹೃದಯದ ಬಡಿತಕ್ಕೆ ಬಲ ಕೊಡುವ ಮಿಲ್ರಿನೋನ್ ಔಷಧಿ ಕೊಟ್ಟು ಮತ್ತೆ ಅಳೆಯಬೇಕು. ಅಪಾಯ ಇದೆ ಅನ್ನಿಸಿದರೆ ಆಪರೇಷನ್ ದಿನವೇ ಶ್ವಾಸಕೋಶದ ರಕ್ತನಾಳ ಸಡಿಲಿಸಲು ಉಸಿರಿನ ಮೂಲಕ ಕೊಡುವ ನೈಟ್ರಿಕ್ ಆಕ್ಸೈಡ್, ಬಲಗಡೆಗೆ ಹಾಕುವ ತಾತ್ಕಾಲಿಕ ಪಂಪ್ ಸಿದ್ಧವಿರುತ್ತದೆ. ಎಕೋ ನೋಡುತ್ತಾ ಎಡ ಪಂಪ್‌ನ ವೇಗವನ್ನು ನಿಧಾನವಾಗಿ ಏರಿಸುತ್ತಾರೆ. ರೋಗಿ ಕುಸಿದ ಮೇಲೆ ಓಡಾಡಿ ಬಲಗಡೆಗೆ ಪಂಪ್ ಹಾಕುವುದಕ್ಕೂ, ಮೊದಲೇ ಯೋಚಿಸಿ ಹಾಕುವುದಕ್ಕೂ ತುಂಬ ವ್ಯತ್ಯಾಸ ಇದೆ. ಇದನ್ನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಮೊದಲನೆಯವರು: ನೀರಿನ ಔಷಧಿ ಶುರು ಮಾಡಿದ್ದಾರೆ. ತೂಕ 3 ಕೆಜಿ ಇಳಿದಿದೆ. ಸೋಮವಾರ ಮತ್ತೆ ಅಳೆಯುತ್ತಾರಂತೆ.

ಉತ್ತರ: ಒಳ್ಳೆಯದಾಯ್ತು. ಹೊಸ ರಿಪೋರ್ಟ್‌ನಲ್ಲಿ ಬಲ ಹೃತ್ಕರ್ಣದ ಒತ್ತಡ, ವೆಡ್ಜ್ ಎರಡನ್ನೂ ಒಟ್ಟಿಗೆ ನೋಡಿ. 16 ಇದ್ದದ್ದು 10ಕ್ಕೆ, 26 ಇದ್ದದ್ದು 20ಕ್ಕೆ ಇಳಿದರೆ ನನಗೆ ಧೈರ್ಯ ಬರುತ್ತದೆ. ವೆಡ್ಜ್ ಮಾತ್ರ 18ಕ್ಕೆ ಇಳಿದು ಹೃತ್ಕರ್ಣ 15ರಲ್ಲೇ ನಿಂತರೆ, ಬಲಗಡೆಯ ಮಾಂಸಖಂಡವೇ ಸೋತಿದೆ ಅನ್ನುವ ಅನುಮಾನ ಹೆಚ್ಚುತ್ತದೆ. ಆಗ ನಿಮ್ಮ ಡಾಕ್ಟರನ್ನು ನೇರವಾಗಿ ಕೇಳಿ: "ಬಲಗಡೆಗೆ ಏನು ತಯಾರಿ ಇಟ್ಟುಕೊಂಡಿದ್ದೀರಿ?" ಕೇಳಲು ಸಂಕೋಚ ಬೇಡ. ಸೋಮವಾರದ ಅಂಕಿಗಳನ್ನು ಇಲ್ಲೇ ಹಾಕಿ, ನೋಡುತ್ತೇನೆ.