ಒಂದೇ ಟ್ಯೂಬಿನ ರಕ್ತ, ಎರಡು ಉತ್ತರ: ಜನಾಂಗ ಇರೋದು ದೇಹದಲ್ಲಾ, ಫಾರ್ಮಿನಲ್ಲಾ?

ಅರೆಗತ್ತಲು ಕೇಳಿದ್ದು:

‘ಜನಾಂಗ ಜೈವಿಕ ಸತ್ಯವಲ್ಲ, ಸಮಾಜ ಕಟ್ಟಿಕೊಂಡದ್ದು’ ಅಂತ ಎಲ್ಲಿ ನೋಡಿದರೂ ಓದ್ತೀನಿ. ನನಗೆ ಗಂಟಲಲ್ಲಿ ಇಳೀತಿಲ್ಲ. ನೈಜೀರಿಯಾದ ಒಬ್ಬರನ್ನೂ ನಾರ್ವೆಯ ಒಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಮಗುವೂ ವ್ಯತ್ಯಾಸ ಹೇಳುತ್ತೆ. ಎಂಜಲು ಕಳಿಸಿಕೊಟ್ಟರೆ ಪೂರ್ವಜರು ಯಾವ ಖಂಡದವರು ಅಂತ ಡಿಎನ್‌ಎ ಕಂಪನಿಗಳು ಹೇಳ್ತಾವೆ. ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗೋ ವಂಶವಾಹಿ ರೋಗ) ಕಪ್ಪು ಜನರ ಕಾಯಿಲೆ ಅಂತಲೇ ನಾನು ಓದಿದ್ದು. ಇದೆಲ್ಲ ಸುಳ್ಳಾ? ಅಥವಾ ಒಳ್ಳೆ ಮನಸ್ಸಿನ ಮಾತನ್ನೇ ವಿಜ್ಞಾನ ಅಂತ ದಾಟಿಸ್ತಿದ್ದಾರಾ? ಬಯ್ಯದೆ ಹೇಳಿ, ನಿಜಕ್ಕೂ ತಿಳ್ಕೊಳ್ಳೋಕೆ ಕೇಳ್ತಿದ್ದೀನಿ.

ಲ್ಯಾಬ್‌ಕೋಟು:

ಬಯ್ಯೋದೇನು ಬಂತು, ನಾನೂ ಇದನ್ನೇ ನಂಬಿಕೊಂಡು ಒಂಬತ್ತು ವರ್ಷ ಕೆಲಸ ಮಾಡಿದವಳು. ಅಮೆರಿಕದ ಒಂದು ಆಸ್ಪತ್ರೆಯ ಲ್ಯಾಬು, ಹೆಸರು ಬೇಡ. ಕಿಡ್ನಿ ಎಷ್ಟು ಸೋಸ್ತಿದೆ ಅಂತ ತಿಳಿಯೋಕೆ ರಕ್ತದ ಕ್ರಿಯೇಟಿನಿನ್ (ಸ್ನಾಯುಗಳಿಂದ ಬರೋ, ಕಿಡ್ನಿ ಸೋಸಿ ಹೊರಹಾಕೋ ಕಸ) ಅಳೆದು, ವಯಸ್ಸು, ಗಂಡೋ ಹೆಣ್ಣೋ ಅನ್ನೋದನ್ನು ಸೇರಿಸಿ ಲೆಕ್ಕ ಹಾಕ್ತೀವಿ. ಇಜಿಎಫ್‌ಆರ್ ಅನ್ನೋದು ಅದೇ. 2009ರ ಸೂತ್ರದಲ್ಲಿ ಇದರ ಜೊತೆಗೆ ಇನ್ನೊಂದು ಇತ್ತು: ರೋಗಿ ‘ಬ್ಲ್ಯಾಕ್’ ಆಗಿದ್ದರೆ ಬಂದ ಉತ್ತರವನ್ನು 1.159ರಿಂದ ಗುಣಿಸಬೇಕು. ಕಪ್ಪು ಜನರಿಗೆ ಸ್ನಾಯು ಜಾಸ್ತಿ, ಅದಕ್ಕೇ ಕ್ರಿಯೇಟಿನಿನ್ ಜಾಸ್ತಿ ಅನ್ನೋದು ಸಮಜಾಯಿಷಿ. ಎದುರಿಗಿದ್ದ ರೋಗಿಯ ಸ್ನಾಯುವನ್ನು ಯಾರೂ ಅಳೀತಿರಲಿಲ್ಲ ಅನ್ನೋದು ಬೇರೆ ಮಾತು. ಬಡಕಲು ಮುದುಕನಿಗೂ ಅದೇ ಗುಣಕ, ಪೈಲ್ವಾನನಿಗೂ ಅದೇ.

ಒಂದೇ ಟ್ಯೂಬಿನ ರಕ್ತ. ಫಾರ್ಮಿನ ‘ಬ್ಲ್ಯಾಕ್’ ಚೌಕದಲ್ಲಿ ಟಿಕ್ ಇಲ್ಲದಿದ್ದರೆ 18, ಇದ್ದರೆ ಹತ್ತಿರ ಹತ್ತಿರ 21. ಅಲ್ಲಿ ಕಿಡ್ನಿ ಕಸಿಗೆ ಕಾಯೋ ದಿನಗಳ ಎಣಿಕೆ ಶುರುವಾಗೋದು ಈ ಸಂಖ್ಯೆ 20ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಾಗ. ಅಂದರೆ ಒಬ್ಬರು ಸರದಿಯಲ್ಲಿ, ಇನ್ನೊಬ್ಬರು ಬಾಗಿಲ ಹೊರಗೆ. ನಾನೇ ಎಷ್ಟು ರಿಪೋರ್ಟಿಗೆ ಸಹಿ ಹಾಕಿದ್ದೀನೋ ಲೆಕ್ಕವಿಲ್ಲ. 2021ರಲ್ಲಿ ಆ ಗುಣಕ ಇಲ್ಲದ ಹೊಸ ಸೂತ್ರ ಬಂತು. ಹಳೇ ಲೆಕ್ಕದಿಂದ ಹಿಂದೆ ಬಿದ್ದ ಕಪ್ಪು ರೋಗಿಗಳಿಗೆ ಕಳೆದುಹೋದ ಕಾಯುವಿಕೆಯ ಅವಧಿಯನ್ನು ವಾಪಸ್ ಸೇರಿಸಿಕೊಡಿ ಅಂತ 2023ರಲ್ಲಿ ಕಸಿ ಕೇಂದ್ರಗಳಿಗೆಲ್ಲ ನಿಯಮವೂ ಆಯ್ತು.

ಸಿಕಲ್ ಸೆಲ್ ವಿಷಯಕ್ಕೆ ಬಂದರೆ, ಅದರ ನಂಟು ಮಲೇರಿಯಾ ಜೊತೆ, ಚರ್ಮದ ಬಣ್ಣದ ಜೊತೆ ಅಲ್ಲ. ಆ ಜೀನಿನ ಒಂದೇ ಪ್ರತಿ ಇದ್ದವರು ಮಲೇರಿಯಾದಲ್ಲಿ ಬದುಕುಳಿದರು. ಹಾಗಾಗಿ ಪಶ್ಚಿಮ ಆಫ್ರಿಕಾದಲ್ಲಿದೆ, ಗ್ರೀಸಿನ ಕೆಲವು ಕಡೆ ಇದೆ, ನೀಲಗಿರಿಯ ಆದಿವಾಸಿಗಳಲ್ಲಿ 1952ರಲ್ಲೇ ಪತ್ತೆಯಾಗಿದೆ. ದಕ್ಷಿಣ ಆಫ್ರಿಕಾದ ಖೋಸಾ ಜನರಲ್ಲಿ ಹುಡುಕಿದರೂ ಸಿಗೋದು ಅಪರೂಪ.

ಸಂಶಯಪ್ಪ:

ಮೇಡಂ, ಸೂತ್ರ ತಪ್ಪಿತ್ತು ಅಂದ ಮಾತ್ರಕ್ಕೆ ಜನಾಂಗವೇ ಇಲ್ಲ ಅಂತಾಗಲ್ಲ. ಎಲ್ಲರೂ ತಳಿವಿಜ್ಞಾನಿ ಲೆವಾಂಟಿನ್ 1972ರಲ್ಲಿ ಹಾಕಿದ ಲೆಕ್ಕ ಹೇಳ್ತಾರೆ: ಮನುಷ್ಯರ ನಡುವಿನ ಆನುವಂಶಿಕ ವ್ಯತ್ಯಾಸದಲ್ಲಿ ಸುಮಾರು 85% ಒಂದೊಂದು ಸಮುದಾಯದ ಒಳಗೇ ಇದೆ, ಜನಾಂಗ–ಜನಾಂಗದ ನಡುವೆ ಇರೋದು 6% ಅಷ್ಟೇ ಅಂತ. ಅದಕ್ಕೆ 2003ರಲ್ಲಿ ಎಡ್ವರ್ಡ್ಸ್ ಅನ್ನೋ ಇನ್ನೊಬ್ಬ ತಳಿವಿಜ್ಞಾನಿ ಜವಾಬು ಕೊಟ್ಟಾಗಿದೆ. ಒಂದೊಂದೇ ಜೀನ್ ನೋಡಿದರೆ ಏನೂ ತಿಳಿಯಲ್ಲ, ನೂರಾರು ಜೋಡಿಸಿ ನೋಡಿದರೆ ಗುಂಪು ಎದ್ದು ಕಾಣುತ್ತೆ. 2002ರ ರೋಸೆನ್‌ಬರ್ಗ್ ಅಧ್ಯಯನದಲ್ಲಿ ಜನರ ಡಿಎನ್‌ಎ ನೋಡಿ ಕಂಪ್ಯೂಟರ್ ತಾನಾಗೇ ಐದು ಗುಂಪು ಮಾಡ್ತು, ಐದೂ ಖಂಡಗಳಿಗೆ ಸರಿಹೊಂದಿದವು. ಇದಕ್ಕೇನಂತೀರಿ?

ಲ್ಯಾಬ್‌ಕೋಟು:

ಎಡ್ವರ್ಡ್ಸ್ ಹೇಳಿದ್ದು ಸರಿ, ಅದರಲ್ಲಿ ಜಗಳವಿಲ್ಲ. ‘ತಾನಾಗೇ’ ಅಂದಿರಲ್ಲ, ಅದೊಂದು ತಪ್ಪು. ಎಷ್ಟು ಗುಂಪು ಮಾಡಬೇಕು ಅಂತ ಕಂಪ್ಯೂಟರಿಗೆ ನಾವೇ ಹೇಳ್ಬೇಕು. ಅದೇ ಅಧ್ಯಯನ, 52 ಸಮುದಾಯಗಳ ಅದೇ 1,056 ಜನ: ಐದು ಮಾಡು ಅಂದಾಗ ಖಂಡಗಳು ಬಂದವು, ಆರು ಮಾಡು ಅಂದಾಗ ಆರನೆಯದಾಗಿ ಎದ್ದು ಬಂದವರು ಪಾಕಿಸ್ತಾನದ ಗುಡ್ಡಗಾಡಿನ ಕಲಾಶರು. ಕೆಲವೇ ಸಾವಿರ ಜನ. ಕಲಾಶರನ್ನು ಆರನೇ ಜನಾಂಗ ಅಂತ ನೀವು ಒಪ್ಪಲ್ಲ, ನಾನೂ ಒಪ್ಪಲ್ಲ. ಹಾಗಾದರೆ ಐದಕ್ಕೇ ನಿಲ್ಲಿಸು ಅಂತ ಹೇಳಿದವರು ಯಾರು?

ಪೂರ್ವಜರ ಜಾಡು ಡಿಎನ್‌ಎಯಲ್ಲಿ ಖಂಡಿತ ಇರುತ್ತೆ, ಎಂಜಲಿನ ಕಂಪನಿಗಳು ಓದೋದು ಅದನ್ನೇ. ನೈಜೀರಿಯಾದಿಂದ ನಾರ್ವೆಗೆ ವಿಮಾನದಲ್ಲಿ ಹೋದರೆ ಎರಡು ಬಣ್ಣ ಕಾಣುತ್ತೆ. ನಡ್ಕೊಂಡು ಹೋಗಿ ನೋಡಿ, ಇಲ್ಲಿಂದ ಬೇರೆ ಜನಾಂಗ ಅಂತ ಕಲ್ಲು ನೆಡೋಕೆ ಜಾಗ ಸಿಗಲ್ಲ. ಇನ್ನೊಂದು, ಅತಿ ಹೆಚ್ಚು ಆನುವಂಶಿಕ ವೈವಿಧ್ಯ ಇರೋದು ಆಫ್ರಿಕಾದ ಒಳಗೇ. ಅಷ್ಟನ್ನೂ ಒಟ್ಟುಮಾಡಿ ನಮ್ಮ ಫಾರ್ಮಿನಲ್ಲಿ ಒಂದೇ ಚೌಕ!

ಹಳೇಕಡತ:

ಚೌಕದ ಮಾತು ಬಂತಲ್ಲ, ಒಂದು ಕೋರ್ಟಿನ ಕಥೆ. ಆಗ ಹೊರದೇಶದಿಂದ ಬಂದವರಲ್ಲಿ ಅಮೆರಿಕದ ಪೌರತ್ವ ಸಿಗುತ್ತಿದ್ದದ್ದು ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ. ಜಪಾನಿನ ತಕಾವೊ ಒಜಾವಾ ಹಾಕಿದ್ದ ಅರ್ಜಿಯನ್ನು 1922ರಲ್ಲಿ ‘ಬಿಳಿಯ ಅಂದರೆ ಕಕೇಶಿಯನ್, ನೀನು ಅಲ್ಲ’ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ‘ಕಕೇಶಿಯನ್’ ಅನ್ನೋದು ಆಗಿನ ವಿದ್ವಾಂಸರು ಯುರೋಪಿನವರನ್ನೂ ಉತ್ತರ ಭಾರತದವರನ್ನೂ ಸೇರಿಸಿ ಕರೀತಿದ್ದ ಹೆಸರು. ಮೂರೇ ತಿಂಗಳಿಗೆ, 1923ರ ಫೆಬ್ರವರಿಯಲ್ಲಿ, ಪಂಜಾಬಿನ ಭಗತ್ ಸಿಂಗ್ ಥಿಂಡ್ ಪ್ರಕರಣ. ನಿಮ್ಮ ವಿದ್ವಾಂಸರ ಪ್ರಕಾರವೇ ನಾನು ಕಕೇಶಿಯನ್ ಅನ್ನೋದು ಇವರ ವಾದ. ಕೋರ್ಟ್ ಪ್ಲೇಟು ತಿರುಗಿಸಿತು: ವಿದ್ವಾಂಸರು ಏನೇ ಅನ್ನಲಿ, ಸಾಮಾನ್ಯ ಜನರ ಕಣ್ಣಿಗೆ ನೀನು ಬಿಳಿಯನಲ್ಲ. 1930ರ ಅಲ್ಲಿನ ಜನಗಣತಿಯಲ್ಲಿ ‘ಹಿಂದೂ’ ಒಂದು ರೇಸ್. ಸಿಖ್ಖರೂ ಮುಸ್ಲಿಮರೂ ಅದರಲ್ಲೇ. 1970ರ ಗಣತಿಗೆ ಭಾರತೀಯರು ಬಿಳಿಯರು, 1980ಕ್ಕೆ ಏಷ್ಯನ್ನರು. ಐವತ್ತು ವರ್ಷದಲ್ಲಿ ಯಾರ ವರ್ಣತಂತುವೂ ಬದಲಾಗಿರಲಿಲ್ಲ.

ಅಂದಹಾಗೆ ಕನ್ನಡದಲ್ಲಿ ‘ಜನಾಂಗ’ ಅನ್ನೋ ಪದವೇ ಜಾರುತ್ತೆ. ರೇಸ್‌ಗೂ ಅದೇ, ಜಾತಿಗೂ ಅದೇ, ‘ಯುವಜನಾಂಗ’ ಅನ್ನೋಕೂ ಅದೇ. ಅರ್ಧ ಜಗಳ ಅಲ್ಲೇ ಹುಟ್ಟುತ್ತೆ ಅನ್ಸುತ್ತೆ.

ಅರೆಗತ್ತಲು:

ಕಲಾಶರ ವಿಷಯ ಗೊತ್ತಿರಲಿಲ್ಲ. ಲ್ಯಾಬ್‌ಕೋಟು ಅವರೇ, ಒಂದು ಕೊನೇ ಪ್ರಶ್ನೆ. ಅಪ್ಪ ಕಪ್ಪು, ಅಮ್ಮ ಬಿಳಿ ಆಗಿದ್ದರೆ ಆ 1.159 ಪೂರ್ತಿ ಹಾಕ್ತಿದ್ರಾ, ಅರ್ಧವಾ?

ಲ್ಯಾಬ್‌ಕೋಟು:

ಅರ್ಧ ಅನ್ನೋದು ಸೂತ್ರದಲ್ಲಿ ಇರಲೇ ಇಲ್ಲ. ಮೊದಮೊದಲು ನೋಂದಣಿ ಕೌಂಟರಿನವರು ಮುಖ ನೋಡಿ ಏನು ಹಾಕಿರ್ತಿದ್ದರೋ ಅದೇ. ಆಮೇಲೆ ನಮ್ಮ ಲ್ಯಾಬಿನವರು ತಲೆನೋವೇ ಬೇಡ ಅಂತ ಎಲ್ಲರ ರಿಪೋರ್ಟಿನಲ್ಲೂ ಎರಡೂ ಸಂಖ್ಯೆ ಅಚ್ಚು ಹಾಕಿ ಕಳಿಸೋಕೆ ಶುರುಮಾಡಿದರು, ಒಂದರ ಕೆಳಗೆ ಒಂದು. ಡಾಕ್ಟರು ಒಂದಕ್ಕೆ ಪೆನ್ನಿನಲ್ಲಿ ಸುತ್ತು ಹಾಕ್ತಿದ್ದರು.