ವೈಫೈ ಪಾಸ್‌ವರ್ಡ್ ಗೊತ್ತಿರುವವರು ನಮ್ಮ ಡೇಟಾ ಓದಬಹುದೇ?

ಜಾಲಗುಬ್ಬಿ: ಒಂದೇ ರೂಟರ್, ಹತ್ತಾರು ಜನ, ಎಲ್ಲರಿಗೂ ಒಂದೇ ಪಾಸ್‌ವರ್ಡ್. ವೈಫೈ ಡೇಟಾಕ್ಕೆ ಬೀಗ ಹಾಕುವ ಡಬ್ಲ್ಯುಪಿಎ-2 ಆನ್ ಇದೆ, ನೆಟ್‌ವರ್ಕ್ ಹೆಸರು ಮರೆಮಾಡಿದೆ, ಮ್ಯಾಕ್ ಫಿಲ್ಟರ್ (ಪಟ್ಟಿಯಲ್ಲಿರುವ ಹಾರ್ಡ್‌ವೇರ್ ವಿಳಾಸದ ಸಾಧನಗಳಿಗೆ ಮಾತ್ರ ಪ್ರವೇಶ) ಕೂಡ ಹಾಕಿದೆ. ಇಷ್ಟಾದರೂ ಪಾಸ್‌ವರ್ಡ್ ಗೊತ್ತಿರುವ ಇನ್ನೊಬ್ಬರು ನನ್ನ ಲ್ಯಾಪ್‌ಟಾಪ್‌ನ ಟ್ರಾಫಿಕ್ ಓದಲು ಸಾಧ್ಯವೇ?

ನಾಲ್ಕನೇ_ಪದರ: ಸಾಧ್ಯ, ನೀವು ನೆಟ್‌ವರ್ಕ್‌ಗೆ ಸೇರುವ ಕ್ಷಣವನ್ನು ಅವರು ಹಿಡಿದಿಟ್ಟುಕೊಂಡಿದ್ದರೆ.

ಡಬ್ಲ್ಯುಪಿಎ-2 ಪರ್ಸನಲ್‌ನಲ್ಲಿ, ಅಂದರೆ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇರುವ ಬಗೆಯಲ್ಲಿ, ಪಾಸ್‌ವರ್ಡ್‌ಗೆ ನೆಟ್‌ವರ್ಕ್ ಹೆಸರು ಬೆರೆಸಿ 4,096 ಸುತ್ತು ಹ್ಯಾಶ್ ಮಾಡಿ (ಹಿಂದಕ್ಕೆ ಬಿಡಿಸಲಾಗದಂತೆ ಕಲಸಿ) 256 ಬಿಟ್‌ನ ಮೂಲ ಕೀ ತೆಗೆಯುತ್ತಾರೆ. ಅದು ಎಲ್ಲರಿಗೂ ಒಂದೇ. ಲ್ಯಾಪ್‌ಟಾಪ್ ಸೇರುವಾಗ ರೂಟರ್ ಒಂದು ರ್‍ಯಾಂಡಮ್ ಸಂಖ್ಯೆ ಕಳಿಸುತ್ತದೆ, ಲ್ಯಾಪ್‌ಟಾಪ್ ತನ್ನದೊಂದು ಕಳಿಸುತ್ತದೆ. ಈ ಎರಡು ಸಂಖ್ಯೆ, ಎರಡೂ ಕಡೆಯ ಮ್ಯಾಕ್ ವಿಳಾಸ ಮತ್ತು ಮೂಲ ಕೀ ಸೇರಿ ಆ ಸೆಷನ್‌ನ ಕೀ ಹುಟ್ಟುತ್ತದೆ. ನಾಲ್ಕು ಸಂದೇಶಗಳ ಈ ಹ್ಯಾಂಡ್‌ಶೇಕ್‌ನಲ್ಲಿ ಸಂಖ್ಯೆಗಳೂ ವಿಳಾಸಗಳೂ ಬಟಾಬಯಲು. ಉಳಿದದ್ದು ಪಾಸ್‌ವರ್ಡ್, ಅದು ಅವರ ಬಳಿ ಇದ್ದೇ ಇದೆ. ಹ್ಯಾಂಡ್‌ಶೇಕ್ ತಪ್ಪಿಹೋಗಿದ್ದರೆ ನಕಲಿ ಡಿಆಥ್ ಫ್ರೇಮ್ (ಸಂಪರ್ಕ ಕಡಿಯುವ ವೈಫೈ ಸಂದೇಶ) ಕಳಿಸಿ ನಿಮ್ಮನ್ನು ಹೊರದಬ್ಬುತ್ತಾರೆ. ಲ್ಯಾಪ್‌ಟಾಪ್ ತಾನಾಗಿಯೇ ಮತ್ತೆ ಸೇರುತ್ತದಲ್ಲ, ಆಗ ಸಿಕ್ಕಿತು.

ಹಾಗೆಂದು ಬ್ಯಾಂಕ್ ಪಾಸ್‌ವರ್ಡ್ ಕಾಣುವುದಿಲ್ಲ. ಬ್ರೌಸರ್ ಮತ್ತು ಸೈಟ್ ನಡುವಿನ ಎಚ್‌ಟಿಟಿಪಿಎಸ್ ಒಳಗೆ ಇನ್ನೊಂದು ಗೂಢಲಿಪಿ ಇದೆ. ಯಾವ ಸೈಟ್‌ಗೆ ಹೋದಿರಿ ಎಂಬುದು ಮಾತ್ರ ಸಾಮಾನ್ಯವಾಗಿ ಗೊತ್ತಾಗುತ್ತದೆ.

ಆಂಟೆನಾ: ಮರೆಮಾಡಿದ ಹೆಸರು, ಮ್ಯಾಕ್ ಫಿಲ್ಟರ್ ಎರಡೂ ದಂಡ. ಡೇಟಾ ಎನ್‌ಕ್ರಿಪ್ಟ್ ಆದರೂ ಫ್ರೇಮ್‌ನ ತಲೆಯಲ್ಲಿರುವ ಮ್ಯಾಕ್ ವಿಳಾಸ ಆಗುವುದಿಲ್ಲ. ನೋಡಿ ನಕಲು ಮಾಡುವುದು ಒಂದು ಕಮಾಂಡ್‌ನ ಕೆಲಸ. ಹೆಸರನ್ನಂತೂ ಸೇರುವ ಪ್ರತಿ ಸಾಧನವೂ ಗಾಳಿಯಲ್ಲಿ ಕೂಗಿ ಹೇಳುತ್ತದೆ.

ಅದರ ಬದಲು ಡಬ್ಲ್ಯುಪಿಎಸ್ ಪಿನ್ (ಪಾಸ್‌ವರ್ಡ್ ಇಲ್ಲದೆ ಪಿನ್ ಹಾಕಿ ಸಾಧನ ಸೇರಿಸುವ ಸೌಲಭ್ಯ) ಆಫ್ ಮಾಡಿ. ಪಿನ್ 8 ಅಂಕಿಯದ್ದು, ಆದರೆ ಕೊನೆಯ ಅಂಕಿ ಬರೀ ತಾಳೆಗೆ, ಮೊದಲ 4 ಮತ್ತು ನಂತರದ 3 ಬೇರೆಬೇರೆಯಾಗಿ ಪರೀಕ್ಷೆಯಾಗುತ್ತವೆ. 10,000 ಮತ್ತು 1,000 ಸೇರಿ 11,000 ಪ್ರಯತ್ನದೊಳಗೆ ಮುಗಿಯಿತು.

ನಾಲ್ಕನೇ_ಪದರ: ಹೌದು, ಅದನ್ನು ಹೇಳಲು ಬಿಟ್ಟಿದ್ದೆ. ಪರಿಹಾರಕ್ಕೆ ಬಂದರೆ, ಡಬ್ಲ್ಯುಪಿಎ-3 ಪರ್ಸನಲ್‌ಗೆ ಹೋಗಿ. ಅಲ್ಲಿ ಮೂಲ ಕೀಯೇ ಪ್ರತಿ ಸಾಧನಕ್ಕೂ ಹೊಸದಾಗಿ ಹುಟ್ಟುವುದರಿಂದ ಪಾಸ್‌ವರ್ಡ್ ಗೊತ್ತಿದ್ದು ಸುಮ್ಮನೆ ಕದ್ದಾಲಿಸಿದರೆ ಏನೂ ಗಿಟ್ಟದು. ನಕಲಿ ಡಿಆಥ್ ಫ್ರೇಮ್‌ಗೂ ಸಾಧನ ಸೊಪ್ಪು ಹಾಕುವುದಿಲ್ಲ. ಅದೇ ಹೆಸರಿನ ನಕಲಿ ರೂಟರ್ ಇಟ್ಟು ಸೆಳೆಯುವುದು ಮಾತ್ರ ಪಾಸ್‌ವರ್ಡ್ ಇದ್ದವರಿಗೆ ಆಗಲೂ ಸಾಧ್ಯ. ಅದೂ ಬೇಡವೆಂದರೆ ಎಂಟರ್‌ಪ್ರೈಸ್ ಮೋಡ್: ಒಬ್ಬೊಬ್ಬರಿಗೆ ಒಂದೊಂದು ಲಾಗಿನ್, ಜೊತೆಗೆ ಸರ್ವರ್ ಸರ್ಟಿಫಿಕೇಟ್ ತಪಾಸಣೆ (ಎದುರಿರುವುದು ಅಸಲಿ ನೆಟ್‌ವರ್ಕ್ ಎಂದು ಸಾಧನ ಖಚಿತಪಡಿಸಿಕೊಳ್ಳುವುದು) ಕಡ್ಡಾಯವಾಗಿ ಆನ್.

ಡಬ್ಲ್ಯುಪಿಎ-2 ಮತ್ತು ಡಬ್ಲ್ಯುಪಿಎ-3 ಎರಡೂ ನಡೆಯುವ ಮಿಶ್ರ ಮೋಡ್‌ನಲ್ಲಿ ಬಿಡಬೇಡಿ. ಹಳೆಯ ಸಾಧನದ ಹ್ಯಾಂಡ್‌ಶೇಕ್ ಹಿಡಿದು ಹೊರಗಿನವರು ಪಾಸ್‌ವರ್ಡ್ ಊಹಿಸುತ್ತ ಕೂರಬಹುದು, ಮತ್ತು ಎರಡಕ್ಕೂ ಪಾಸ್‌ವರ್ಡ್ ಒಂದೇ.

ಜಾಲಗುಬ್ಬಿ: ಪ್ರಿಂಟರ್ ಹಳೆಯದು, ಡಬ್ಲ್ಯುಪಿಎ-2 ಮಾತ್ರ ಗೊತ್ತು. ಗೆಸ್ಟ್ ನೆಟ್‌ವರ್ಕ್‌ಗೆ ಹಾಕಲೇ?

ಆಂಟೆನಾ: ಗೆಸ್ಟ್‌ನಲ್ಲಿ ಸಾಮಾನ್ಯವಾಗಿ ಐಸೊಲೇಷನ್ ಆನ್ ಇರುತ್ತದೆ, ಮುಖ್ಯ ನೆಟ್‌ವರ್ಕ್‌ನಿಂದ ಪ್ರಿಂಟ್ ಹೋಗುವುದಿಲ್ಲ. ಪ್ರಿಂಟರ್‌ನಲ್ಲಿ ಈಥರ್‌ನೆಟ್ ಪೋರ್ಟ್ ಇದ್ದರೆ ಕೇಬಲ್ ಎಳೆದು ಅದರ ವೈಫೈ ಆಫ್ ಮಾಡಿ.